ನಮ್ಮ ಗಂಟೇನು ಹೋಗುತ್ತೆ

ದೇವರ ವಿಷಯದಲ್ಲಿ ನಾನು ಬಹಳ ವರ್ಷ ಜಾಣನಂತೆ ಬದುಕಿದವನು. ಒಳಗೆ ನಂಬಿಕೆ ಇರಲಿಲ್ಲ, ಹೊರಗೆ ಯಾರ ಜೊತೆಗೂ ಜಗಳ ಇರಲಿಲ್ಲ. ಅಮಾವಾಸ್ಯೆಗೆ ಅಂಗಡಿ ಬಾಗಿಲಲ್ಲಿ ಕಾಯಿ ಒಡೆಯುತ್ತಿದ್ದೆ, ನಿಂಬೆಹಣ್ಣು ಕಟ್ಟುತ್ತಿದ್ದೆ, ಆಯುಧಪೂಜೆಯ ದಿನ ಬ್ರಷ್ಷುಗಳಿಗೆಲ್ಲ ಕುಂಕುಮ ಇಡುತ್ತಿದ್ದೆ. ಇದೆಲ್ಲ ಯಾಕೆ ಎಂದು ಒಮ್ಮೊಮ್ಮೆ ಹೆಂಡತಿಯ ಹತ್ತಿರ ಗೊಣಗಿದರೆ ಅವಳ ಉತ್ತರ ಸಿದ್ಧವಾಗಿರುತ್ತಿತ್ತು.

"ದೇವ್ರು ಇದ್ರೆ ಒಳ್ಳೇದಾಯ್ತು. ಇಲ್ದಿದ್ರೆ ನಮ್ಮ ಗಂಟೇನ್ ಹೋಗುತ್ತೆ?"

ನಿಜಕ್ಕೂ ಏನೂ ಹೋಗುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಗೆ ಬರವೇ? ಬೆಳಿಗ್ಗೆ ಒಡೆದ ಕಾಯಿ ಮಧ್ಯಾಹ್ನ ಚಟ್ನಿಯಾಗುತ್ತಿತ್ತು. ದೇವರಿದ್ದರೆ ಅವನ ಲೆಕ್ಕಕ್ಕೆ ಒಂದು ಕಾಯಿ, ಇಲ್ಲದಿದ್ದರೆ ನಮಗೆ ಚಟ್ನಿ. ಇಷ್ಟು ಭದ್ರವಾದ ವ್ಯಾಪಾರ ತಿಪಟೂರಿನ ಕೊಬ್ಬರಿ ಮಂಡಿಯಲ್ಲೂ ಯಾರೂ ಮಾಡಿರಲಾರರು ಎಂದು ನಾನು ನಗುತ್ತಿದ್ದೆ. ಅವಳೂ ನಗುತ್ತಿದ್ದಳು. ಅವಳು ನಂಬಿ ನಗುತ್ತಿದ್ದಳು, ನಾನು ನಂಬದೆ ನಗುತ್ತಿದ್ದೆ. ಸಂಸಾರಕ್ಕೆ ಆ ವ್ಯತ್ಯಾಸ ಅಡ್ಡ ಬಂದಿರಲಿಲ್ಲ.

ನನ್ನದು ಬೋರ್ಡ್ ಬರೆಯುವ ಅಂಗಡಿ. ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿಯಲ್ಲಿ, ಬದುಕಿದ್ದೆಲ್ಲ ತಿಪಟೂರಿನಲ್ಲಿ. ಅಂಗಡಿ ಹೆಸರು, ಲಾರಿಗಳ ಹಿಂಭಾಗ, ಮಂಡಿಯ ಗೋಡೆ, ಚುನಾವಣೆ ಬಂದಾಗ ಊರೂರಿನ ಕಾಂಪೌಂಡು, ಹೀಗೆ ಎಲ್ಲಾ ಕಡೆ ನನ್ನ ಅಕ್ಷರ ಇತ್ತು. ಫ್ಲೆಕ್ಸ್ ಬಂದ ಮೇಲೆ ಆ ಕಸುಬು ಮುಕ್ಕಾಲು ಸತ್ತಿತು. ಈಗ ನಂಬರ್ ಪ್ಲೇಟು, ಸ್ಟಿಕರ್ರು, ಒಂದಿಷ್ಟು ಹಳೇ ಗಿರಾಕಿಗಳ ಗೋಡೆ ಬರಹ ಉಳಿದಿದೆ. ಆದರೂ ಅಕ್ಷರದ ಮುಂದೆ ನಿಲ್ಲಿಸಿದರೆ ನಾನು ಇವತ್ತಿಗೂ ಯಾರಿಗೂ ಸೊಪ್ಪು ಹಾಕುವವನಲ್ಲ. ಬೇರೆ ಯಾವ ವಿದ್ಯೆಯೂ ನನಗಿಲ್ಲ, ಇದೊಂದು ಇದೆ ಎಂಬ ಕೊಬ್ಬು ನನಗಿತ್ತು.

ನಮಗೆ ಮಕ್ಕಳಿಲ್ಲ. ಮನೆಯಲ್ಲಿ ನಾವಿಬ್ಬರೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಆಡಿದ ಹುಚ್ಚಾಟಗಳೆಲ್ಲ ಅರ್ಥವಾಗಬೇಕಾದರೆ, ಅವಳು ಹೋದರೆ ನನಗೆ ಯಾರೂ ಇಲ್ಲ ಎನ್ನುವುದು ಗೊತ್ತಿರಬೇಕು.

ಮುಂಗಾರಿನ ಹೊತ್ತಿಗೆ ಅವಳ ಎಡ ಎದೆಯಲ್ಲಿ ಒಂದು ಗಂಟು ಕಾಣಿಸಿತು. ಹುಣಸೆಬೀಜದಷ್ಟು, ನೋವಿಲ್ಲ. ತುಮಕೂರಿನಲ್ಲಿ ಪರೀಕ್ಷೆ ಮಾಡಿಸಿದೆವು. ಡಾಕ್ಟರಮ್ಮ ರಿಪೋರ್ಟನ್ನು ಮಡಿಸಿಟ್ಟು ನೇರವಾಗಿ ಹೇಳಿದರು: ಕ್ಯಾನ್ಸರ್, ಇನ್ನೂ ಶುರು, ಈಗಲೇ ಆಪರೇಷನ್ ಮಾಡಿದರೆ ಒಳ್ಳೆ ಭರವಸೆ ಇದೆ, ತಡಮಾಡಬೇಡಿ. ನಾನು ಆಗಲೇ ದಿನ ಗೊತ್ತುಮಾಡಿಸಿಬಿಡುತ್ತಿದ್ದೆ. ಹೆಂಡತಿ ನನ್ನ ತೋಳು ಮುಟ್ಟಿ, "ಅಮ್ಮನ ಒಂದ್ ಮಾತು ಕೇಳ್ಬುಡಾಣ ಕಣ್ರೀ" ಅಂದಳು.

ಅಮ್ಮ ಅಂದರೆ ಹೆತ್ತವಳಲ್ಲ. ಅವಳ ತವರು ತುರುವೇಕೆರೆ ಕಡೆ. ಆ ಊರಿನ ಅಮ್ಮನವರು ಬರೆಯುವ ದೇವರು. ದೇವಿಯ ಮುಖವಾಡಕ್ಕೆ ಸೀರೆ ಉಡಿಸಿ, ಹೂವು ಮುಡಿಸಿ ಉದ್ದನೆಯ ಎರಡು ಮರದ ದಂಡಿಗೆಗಳ ಮೇಲೆ ಕೂರಿಸಿರುತ್ತಾರೆ. ಅದಕ್ಕೆ ಅಡ್ಡೆ ಅನ್ನುತ್ತಾರೆ. ಮುಂದೊಬ್ಬ, ಹಿಂದೊಬ್ಬ ಹೆಗಲು ಕೊಟ್ಟು ನಿಲ್ಲುತ್ತಾರೆ. ಎದುರಿಗೆ ಹಲಗೆಯ ಮೇಲೆ ಅಕ್ಕಿಹಿಟ್ಟು ಹರಡಿರುತ್ತದೆ. ಪ್ರಶ್ನೆ ಕೇಳಿದ ಮೇಲೆ ಅಡ್ಡೆ ತೂಗಾಡುತ್ತದೆ, ಹಿಂದೆ ಮುಂದೆ ಎಳೆದಾಡುತ್ತದೆ, ಕೊನೆಗೆ ಬಾಗಿ, ಮುಂದುಗಡೆ ಇರುವ ಬೆಳ್ಳಿಯ ಚೂಪು ತುದಿಯಿಂದ ಹಿಟ್ಟಿನ ಮೇಲೆ ಅಕ್ಷರ ಬರೆಯುತ್ತದೆ. ಪೂಜಾರಪ್ಪ ಅದನ್ನು ಓದಿ ಹೇಳಿ ಅಂಗೈಯಿಂದ ಒರೆಸಿಬಿಡುತ್ತಾರೆ. ಫೋಟೋ ತೆಗೆಯುವಂತಿಲ್ಲ. ಒಂದು ಪ್ರಶ್ನೆಯನ್ನು ಎರಡನೇ ಸಲ ಕೇಳುವಂತಿಲ್ಲ.

ಮದುವೆಯಾದ ಹೊಸದರಲ್ಲಿ ಅವಳು ನನ್ನನ್ನು ಛೇಡಿಸುತ್ತಿದ್ದಳು. "ನೀವೂ ನಮ್ಮಮ್ಮನೂ ಒಂದೇ ಕಸುಬಿನೋರು ಕಣ್ರೀ. ಅದುಕ್ಕೇ ನಿಮ್ಗೆ ಅವ್ಳನ್ನ ಕಂಡ್ರೆ ಹೊಟ್ಟೆಕಿಚ್ಚು."

ಕೇಳೋಣ ಅಂದಾಗ ನಾನು ಯಾಕೆ ಒಪ್ಪಿದೆ? ಅದೇ ಹಳೇ ಲೆಕ್ಕ. ಕೇಳಿದರೆ ನಮ್ಮ ಗಂಟೇನು ಹೋಗುತ್ತೆ? ಬಸ್ಸಿನಲ್ಲಿ ಹೋಗಿ ಕೇಳಿಕೊಂಡು ಬಂದರೆ ಇವಳಿಗೆ ಧೈರ್ಯ ಬರುತ್ತದೆ, ಧೈರ್ಯ ಬಂದರೆ ಆಪರೇಷನ್ನಿಗೆ ಒಳ್ಳೆಯದು. ದೇವರು ಆಗಲಿ ಅನ್ನುತ್ತದೆ ಎಂದೇ ನಾನು ತಿಳಿದಿದ್ದೆ. ಯಾವ ದೇವರು ತಾನೇ ಆಸ್ಪತ್ರೆಗೆ ಹೋಗಬೇಡ ಅನ್ನುತ್ತದೆ?

ಆ ಶುಕ್ರವಾರ ಗುಡಿಯಲ್ಲಿ ಜನ ಅಷ್ಟಾಗಿ ಇರಲಿಲ್ಲ. ನಮ್ಮ ಸರದಿ ಬಂದಾಗ ಅವಳು ಹಲಗೆಯ ಮುಂದೆ ಮಂಡಿಯೂರಿ ಕೂತಳು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತೆ. ಪೂಜಾರಪ್ಪ ಅವಳ ಪರವಾಗಿ ಕೇಳಿದರು: "ತಾಯಿ, ನಿನ್ನ ಮಗಳು ಬಂದವ್ಳೆ. ಎದೆ ಕೊಯ್ಸಬೇಕು ಅಂತಾರೆ ಡಾಕ್ಟ್ರು. ಏನ್ ಅಪ್ಪಣೆ ಕೊಡ್ತೀಯಾ?" ಅಡ್ಡೆ ತೂಗಿತು. ಮುಂದಿದ್ದವನ ಕುತ್ತಿಗೆಯ ನರ ಉಬ್ಬಿದ್ದು ಕಾಣುತ್ತಿತ್ತು. ಬೆಳ್ಳಿಯ ತುದಿ ಹಿಟ್ಟಿಗೆ ಇಳಿಯಿತು. ಮೊದಲು ಒಂದು ಬೇ. ಎಷ್ಟು ಸೊಗಸಾದ ಬೇ ಅಂದರೆ, ಕಸುಬಿನವನಾಗಿ ನನಗೆ ಮೆಚ್ಚುಗೆಯೇ ಆಯಿತು. ಆಮೇಲೆ ತುದಿ ಮೇಲೆದ್ದು ಪಕ್ಕಕ್ಕೆ ಇಳಿದು, ಕಮಾನಿನ ಹಾಗೆ ಸುತ್ತಿ ಬಂತು. ಅಷ್ಟರಲ್ಲಿ ಹಿಂದೆ ಹೊತ್ತವನ ಕಾಲು ತುಸು ಜಾರಿತೋ ಏನೋ, ತುದಿ ಕೆಳಗಡೆಯಿಂದ ಎಡಕ್ಕೆ ಒಂದು ಗೆರೆ ಎಳೆದು ಎದ್ದಿತು.

ನಾನು ಓದಿದ್ದು 'ಬೇಗ'.

ಪೂಜಾರಪ್ಪ ಬಗ್ಗಿ ನೋಡಿದರು. "ಬೇಡ," ಅಂದರು. "ಬೇಡ ಅಂತಾಳೆ ಕಣವ್ವ ತಾಯಿ." ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಅಂಗೈ ಹಿಟ್ಟಿನ ಮೇಲೆ ಆಡಿತ್ತು.

ಕನ್ನಡ ಬರೆಯಬಲ್ಲ ಯಾರೇ ಆಗಲಿ ಒಮ್ಮೆ ಬೆರಳಲ್ಲಿ ಬರೆದು ನೋಡಲಿ. ಗ ಕೆಳಗಡೆ ತೆರೆದುಕೊಂಡಿರುತ್ತದೆ, ಎರಡು ಕಾಲಿನ ಮೇಲೆ ನಿಂತ ಬಾಗಿಲಿನ ಹಾಗೆ. ಡ ಕೆಳಗಡೆ ಹೊಟ್ಟೆ ತುಂಬಿಕೊಂಡು ಮುಚ್ಚಿರುತ್ತದೆ. ಗ ಬರೆದು ಬ್ರಷ್ ಎತ್ತುವಾಗ ಕೈ ಎಡವಿ ಕೆಳಗೊಂದು ಬಾಲ ಎಳೆದರೆ, ದೂರದಿಂದ ನೋಡುವವನಿಗೆ ಡ ಅನ್ನಿಸಬಹುದು. ಎಂಥ ಬಾಲ ಅಕ್ಷರಕ್ಕೆ ಸೇರಿದ್ದು, ಎಂಥದು ಕೈಜಾರಿದ್ದು ಎಂದು ನೋಡಿದ ಕೂಡಲೇ ಹೇಳುವುದು ನನ್ನ ಕಸುಬು. ಅದು ಕೈಜಾರಿದ್ದು. ಗುಡಿಯ ಮೆಟ್ಟಿಲು ಇಳಿಯುವ ಮೊದಲೇ ಅವಳಿಗೆ ಹೇಳಿದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಿಧಾನಕ್ಕೆ ಅಂದಳು. "ನಿಮ್ಗೆ ಬೇಗ ಅಂತ ಬೇಕಿತ್ತು. ಅದುಕ್ಕೆ ಬೇಗ ಕಾಣುಸ್ತು."

ಆ ಮಾತು ನನ್ನ ಎದೆಗೆ ಚುಚ್ಚಿಕೊಂಡು ಕೂತಿತು. ಇವತ್ತಿಗೂ ಕಿತ್ತಿಲ್ಲ.

ಊರಿಗೆ ಬಂದ ಮೇಲೆ ಶುರುವಾಯಿತು ನನ್ನ ವಾದ. ಎಂಥ ವಿಪರೀತ ನೋಡಿ: ದೇವರನ್ನು ನಂಬದವನು ದೇವರ ಅಕ್ಷರದ ಬಗ್ಗೆ ವಾದ ಮಾಡುತ್ತಿದ್ದೆ. ಹಳೇ ಪೇಪರಿನ ಮೇಲೆ ಗ ಬರೆದೆ, ಡ ಬರೆದೆ, ಜಾರಿದ ಗ ಬರೆದೆ, ಜಾರದ ಡ ಬರೆದೆ. ಅಂಗಡಿಯಿಂದ ಬಣ್ಣ ತಂದು ಅಡುಗೆಮನೆಯ ನೆಲದ ಮೇಲೂ ಬರೆದೆ. ಅವಳು ರಾಗಿ ಮುದ್ದೆ ತಿರುವುತ್ತಾ ಓರೆಗಣ್ಣಲ್ಲಿ ನೋಡುತ್ತಿದ್ದಳು. "ಚೆನ್ನಾಗದೆ," ಅನ್ನುತ್ತಿದ್ದಳು. "ಆದ್ರೆ ನೀವ್ ಬರ್ದಿರಾದು ನೀವ್ ಬರ್ದಿರಾದು."

ದೇವರು ಬುದ್ಧಿ ಕೊಟ್ಟಿರುವುದು ಯಾಕೆ ಅಂತ ಕೇಳಿದೆ. ಡಾಕ್ಟರನ್ನು ಸೃಷ್ಟಿ ಮಾಡಿದ್ದೂ ನಿಮ್ಮಮ್ಮನೇ ಅಲ್ಲವಾ ಅಂತ ಕೇಳಿದೆ. ಬೈದೆ. ಗುಡಿಯವರನ್ನೆಲ್ಲ ಸೇರಿಸಿ ಬೈದೆ. ಒಂದು ದಿನ ಸಿಟ್ಟಿನಲ್ಲಿ, ಮೊದಲು ಹೇಳುತ್ತಿದ್ದೆಯಲ್ಲ, ಇಲ್ಲದಿದ್ದರೆ ನಮ್ಮ ಗಂಟೇನು ಹೋಗುತ್ತೆ ಅಂತ, ಈಗ ನೋಡು, ಗಂಟು ಹೋಗುತ್ತಿಲ್ಲ, ಎದೆಯಲ್ಲೇ ಕೂತು ಬೆಳೆಯುತ್ತಿದೆ ಅಂದುಬಿಟ್ಟೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅವಳಿಗೆ ಸಿಟ್ಟು ಬರಲಿಲ್ಲ. ಅವಳು ಅಂದದ್ದು ಇಷ್ಟೇ:

"ಕೇಳ್ದೆ ಇದ್ದಿದ್ರೆ ಮಾಡುಸ್ಕಬೋದಿತ್ತು ಕಣ್ರೀ. ಕೇಳ್ಬುಟ್ವಲ್ಲ. ಕೇಳಿದ್ಮೇಲೆ ಹೆಂಗೆ ಮೀರಾದು?"

ಇಷ್ಟು ವರ್ಷ ನಾನು ಸುಮ್ಮನೆ ಕಟ್ಟಿಕೊಂಡು ಬಂದ ಲೆಕ್ಕ ಅವತ್ತು ಕುಸಿದು ಬಿತ್ತು. ಮಾತಾಡದ ದೇವರನ್ನು ನಂಬಿದರೆ ಏನೂ ನಷ್ಟವಿಲ್ಲ, ನಿಜ. ಕಾಯಿ ಒಡೆದು ಮನೆಗೆ ಬಂದರೆ ಮುಗಿಯಿತು, ಆಮೇಲೆ ನಮ್ಮ ಪಾಡು ನಮ್ಮದು. ಆದರೆ ಕೇಳಿದರೆ ಉತ್ತರ ಕೊಡುವ ದೇವರು ಇದ್ದರೆ? ಆಗ ಪಣಕ್ಕಿಟ್ಟಿರುವುದು ತೆಂಗಿನಕಾಯಿ ಅಲ್ಲ. ಕೇಳಿದ ಗಳಿಗೆಯಿಂದ ನಮ್ಮ ಕೈಯಲ್ಲಿರುವ ತೀರ್ಮಾನ ದೇವರ ಕೈಗೆ ಹೋಗುತ್ತದೆ. ನಾನು ಹೆಂಡತಿಯನ್ನು ಬಸ್ಸು ಹತ್ತಿಸಿಕೊಂಡು ಹೋಗಿ, ಪಕ್ಕದಲ್ಲೇ ನಿಂತು, ಅವಳ ತೀರ್ಮಾನವನ್ನು ಒಂದು ಹಲಗೆ ಹಿಟ್ಟಿಗೆ ಬಿಟ್ಟುಕೊಟ್ಟು ಬಂದಿದ್ದೆ.

ನಂಬಿದವರು ಗೆಲ್ಲುತ್ತಾರೆ, ನಂಬದವರು ಸೋಲುತ್ತಾರೆ, ಅದಕ್ಕೇ ನಂಬಿಬಿಡು ಅನ್ನುವವರನ್ನು ನಾನು ಆ ದಿನಗಳಲ್ಲಿ ಹೊಡೆಯುವಷ್ಟು ಸಿಟ್ಟಿನಿಂದ ನೋಡುತ್ತಿದ್ದೆ. ನಂಬಿಬಿಡುವುದು ಅಂದರೇನು, ಅಂಗಿ ಹಾಕಿಕೊಂಡ ಹಾಗೆಯೇ? ನಾನು ಪ್ರಯತ್ನ ಮಾಡಿದೆ, ಸುಳ್ಳಲ್ಲ. ಅವಳ ಪಕ್ಕ ದೇವರ ಗೂಡಿನ ಮುಂದೆ ಕಣ್ಣುಮುಚ್ಚಿ ಕೂತೆ. ನಂಬಿಕೆ ಬಂದರೆ ಅವಳ ಭಾಷೆಯಲ್ಲೇ ದೇವಿಯ ಜೊತೆ ಜಗಳ ಆಡಬಹುದು ಅನ್ನುವ ಆಸೆ. ಕಣ್ಣೊಳಗೆ ಕತ್ತಲು ಬಿಟ್ಟು ಏನೂ ಬರಲಿಲ್ಲ. ಅವಳಿಗೂ ನಾನು ಹೇಳುತ್ತಿದ್ದೆ, ಒಂದೇ ಒಂದು ದಿನ ನಂಬಬೇಡ ಕಣೇ, ಒಂದು ದಿನ ಸಾಕು, ಆಪರೇಷನ್ ಮಾಡಿಸಿಕೊಂಡು ಆಮೇಲೆ ಎಷ್ಟು ಬೇಕಾದರೂ ನಂಬು ಅಂತ. ಅವಳು ನಿಜಕ್ಕೂ ಯೋಚನೆ ಮಾಡಿ, "ಆಗಲ್ಲ ಕಣ್ರೀ," ಅಂದಳು, "ಹೆಂಗೆ ಮಾಡ್ಬೇಕು ಅಂತ್ಲೇ ಗೊತ್ತಾಗಲ್ಲ." ನನಗೆ ನಂಬಲು ಬರುವುದಿಲ್ಲ, ಅವಳಿಗೆ ಬಿಡಲು ಬರುವುದಿಲ್ಲ. ಇಬ್ಬರೂ ನಮ್ಮ ನಮ್ಮ ಇಷ್ಟದಂತೆ ಬದುಕಿದ್ದೇವೆ ಅಂದುಕೊಂಡಿದ್ದವರು. ಬಾಜಿ ಕಟ್ಟುವುದಕ್ಕೆ ಈ ಕಡೆಗೋ ಆ ಕಡೆಗೋ ಕೈಚಾಚಲು ಆಗಬೇಕಲ್ಲ. ನಮ್ಮಿಬ್ಬರ ಕೈಯೂ ಕಟ್ಟಿತ್ತು.

ಗಂಟು ಬೆಳೆಯುತ್ತಿತ್ತು. ಅದನ್ನು ಮುಟ್ಟಿ ನೋಡಲು ಅವಳು ಬಿಡುತ್ತಿರಲಿಲ್ಲ. ಆದರೆ ರವಿಕೆಯ ಮೇಲೆ ಸೆರಗು ಎಳೆದುಕೊಳ್ಳುವ ರೀತಿ ಬದಲಾಯಿತು. ಎಡಗೈ ಎತ್ತಿ ಅಟ್ಟದ ಡಬ್ಬ ತೆಗೆಯುವುದನ್ನು ಬಿಟ್ಟಳು. ನನಗೆ ಎಲ್ಲಾ ಕಾಣುತ್ತಿತ್ತು.

ಒಂದು ಬೆಳಿಗ್ಗೆ ಅವಳಿಗೆ ಹೇಳದೆ ತುರುವೇಕೆರೆ ಬಸ್ಸು ಹತ್ತಿದೆ. ಅಡ್ಡೆಯ ಮುಂದಿನ ಹೆಗಲು ಕೊಟ್ಟಿದ್ದವನನ್ನು ಹುಡುಕಿಕೊಂಡು ಹೋದೆ. ಅವನು ಒಂದು ತೋಟದಲ್ಲಿ ಕಾಯಿ ಸುಲಿಯುತ್ತಿದ್ದ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಟ್ಟಿ, ತಿರುವಿ, ಸಿಪ್ಪೆ ಬಿಡಿಸಿ ಎಸೆಯುತ್ತಿದ್ದ. ನನ್ನನ್ನು ಗುರುತು ಹಿಡಿದು ಎಳನೀರು ಕೊಚ್ಚಿ ಕೊಟ್ಟ. ನಾನು ಸುತ್ತಿ ಬಳಸಲಿಲ್ಲ. ಅವತ್ತು ಬರೆದದ್ದು ನೀನಾ ಅಂತ ಕೇಳಿದೆ.

ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಸಿಪ್ಪೆ ರಾಶಿಯ ಮೇಲೆ ಕೂತು ಬೆವರು ಒರೆಸಿಕೊಂಡ. "ಅದು ಎಳೀತದೆ ಕಣಣ್ಣ. ನಾನ್ ಹೋಯ್ತೀನಿ."

"ನೀನು ತಡೆದರೆ?"

"ತಡುದ್ರೆ ನಿಲ್ತದೇನೋ. ನೋಡಿಲ್ಲ. ತಡಿಯಕ್ಕೆ ಮನ್ಸೇ ಬರಲ್ಲ ಆ ಹೊತ್ನಾಗೆ."

"ಏನು ಬರೀತಾ ಇದ್ದೀಯ ಅಂತ ಗೊತ್ತಾಗುತ್ತಾ?"

ಅವನು ನಕ್ಕ. ನಾಚಿಕೆಯ ನಗು. "ನಂಗೆ ಓದಕ್ಕೆ ಬರಲ್ಲ ಕಣಣ್ಣ."

ನನ್ನ ಕೈಯಲ್ಲಿದ್ದ ಎಳನೀರು ಹಾಗೇ ನಿಂತಿತು. ಓದಲು ಬಾರದವನ ಕೈಯಿಂದ ಅಂಥ ಬೇ ಹೇಗೆ ಬಂತು? ಜೀವಮಾನದಲ್ಲಿ ಮೊದಲನೇ ಸಲ, ಆ ತೋಟದಲ್ಲಿ, ಹಾಡಹಗಲಲ್ಲಿ ನನಗೆ ದೇವರ ಭಯವಾಯಿತು. ಭಕ್ತಿಯಲ್ಲ, ಭಯ. ಆ ದೇವಿ ಇದ್ದರೆ? ಇದ್ದು, ಬರೆದದ್ದು ಬೇಡ ಅಂತಲೇ ಆಗಿದ್ದರೆ?

ಬಸ್ಸಿನಲ್ಲಿ ಬರುವಾಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತಿಪಟೂರಿನ ಗುಜರಿ ಅಂಗಡಿಗಳಿಗೆ ನಾನೇ ಉರ್ದು ಬೋರ್ಡ್ ಬರೆದಿಲ್ಲವೇ? ಒಂದಕ್ಷರ ಉರ್ದು ಬರದವನು, ಅವರು ಕೊಟ್ಟ ಚೀಟಿ ನೋಡಿ ನೋಡಿ, ಆಮೇಲೆ ಚೀಟಿ ಇಲ್ಲದೆಯೂ ಬರೆದಿದ್ದೇನೆ. ಕೈಗೆ ಓದು ಬೇಕಿಲ್ಲ. ಎಷ್ಟೋ ವರ್ಷದಿಂದ ಅದೇ ಬೇಕು, ಬೇಡ, ಬೇಗ, ಆಗಲಿ ಎಂದು ಗೀಚಿದ ಹೆಗಲಿಗೆ ದಾರಿ ಗೊತ್ತಿರುತ್ತದೆ. ವಿವರಣೆ ಸರಿಯಾಗಿಯೇ ಇತ್ತು. ಆದರೆ ಇಳಿದು ಮನೆ ತಲುಪುವ ಹೊತ್ತಿಗೆ, ನನ್ನ ಕಣ್ಣೂ ಹಾಗೇ ತನಗೆ ಗೊತ್ತಿದ್ದ ದಾರಿಯಲ್ಲಿ ಹೋಗಿ ಗ ಓದಿತೇ ಅನ್ನುವ ಹುಳ ತಲೆ ಹೊಕ್ಕಿತ್ತು. ಇಷ್ಟು ಕಾಲ ಅಕ್ಷರ ನೋಡಿದ ಕಣ್ಣನ್ನೇ ನಂಬದ ಸ್ಥಿತಿಗೆ ಬಂದೆ.

ಹುಚ್ಚೆಳ್ಳು ಹೂಬಿಟ್ಟು ಹೊಲಗಳೆಲ್ಲ ಹಳದಿಯಾದ ಹೊತ್ತಿಗೆ ನಾನು ಎಳೆದ ಗೆರೆಯ ಮೇಲೂ ನನಗೆ ಅನುಮಾನ ಶುರುವಾಯಿತು. ಲಾರಿಯೊಂದರ ಹಿಂದೆ ನಾಲ್ಕು ಅಕ್ಷರ ಬರೆಯಲು ಹೋಗಿ, ಆಗದೆ, ಲಾರಿಯ ಟೈರಿಗೆ ಒರಗಿ ಕೂತು ಅತ್ತುಬಿಟ್ಟೆ. ರಸ್ತೆಯಲ್ಲಿ ಓಡಾಡುವವರು ನೋಡುತ್ತಿದ್ದರು. ಯಾರೋ ಮನೆಗೆ ಸುದ್ದಿ ಮುಟ್ಟಿಸಿದರು. ಅವಳು ಚಪ್ಪಲಿಯೂ ಮೆಟ್ಟದೆ ಓಡಿ ಬಂದಳು. ನನ್ನ ಕೈಯಿಂದ ಬ್ರಷ್ ಕಿತ್ತುಕೊಂಡು ಸೀಮೆಎಣ್ಣೆ ಡಬ್ಬಕ್ಕೆ ಹಾಕಿದಳು. ನನ್ನ ಪಕ್ಕ ಕೂತಳು.

"ಆಯ್ತು, ನಡೀರಿ. ಕೊಯ್ಸ್ಕತೀನಿ," ಅಂದಳು. "ನಿಮ್ಗೋಸ್ಕರ ಅವ್ಳ ಮಾತು ಮೀರ್ತೀನಿ. ಆದ್ರೆ ಏನಾರ ಆದ್ರೆ ಅದು ನಿಮ್ ಮೇಲೆ ಕಣ್ರೀ. ನಾನಾಗಿ ಮೀರಿದ್ದಲ್ಲ."

"ನನ್ನ ಮೇಲೆ," ಅಂದೆ. "ಎಲ್ಲಾ ನನ್ನ ಮೇಲೆ ಇರಲಿ."

ಅದು ಅವಳ ಇಷ್ಟವೋ, ನನ್ನ ಕಣ್ಣೀರಿನ ಬಲಾತ್ಕಾರವೋ? ಆಗ ಕೇಳಿಕೊಳ್ಳುವ ಪುರುಸೊತ್ತು ನನಗಿರಲಿಲ್ಲ. ಮಾರನೇ ದಿನವೇ ತುಮಕೂರಿಗೆ ಹೊರಟೆವು.

ಆಪರೇಷನ್ ನಡೆಯುವಾಗ ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಸುತ್ತಲೂ ಕೂತವರ ಬಾಯಲ್ಲಿ ಅವರವರ ದೇವರು. ಒಬ್ಬ ಹೆಂಗಸು ಕುಂಕುಮದ ಪೊಟ್ಟಣ ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು. ನಾನೂ ಕೈಮುಗಿದೆ. ಯಾರಿಗೆ, ಏನಂತ? ದೇವಿ ಇದ್ದು, ನಾವು ಆ ದೇವಿಯ ಮಾತು ಮೀರಿದ್ದೇವೆ ಅಂತಾದರೆ ಒಳಗೆ ಮಲಗಿರುವ ನನ್ನ ಹೆಂಡತಿಗೆ ಉಳಿಗಾಲವಿಲ್ಲ. ದೇವಿ ಇಲ್ಲ ಅಂತಾದರೆ ಇವಳು ಉಳಿಯುತ್ತಾಳೆ. ನನ್ನ ಕೈಲಿದ್ದದ್ದನ್ನೆಲ್ಲ ನಾನು ಒಂದೇ ಕಡೆಗೆ ಕಟ್ಟಿದ್ದೆ. ಹಾಗಾಗಿ ಅಲ್ಲಿ ಕೂತು, ಕಣ್ಣಲ್ಲಿ ನೀರು ಸುರಿಸಿಕೊಂಡು ಬೇಡಿಕೊಂಡೆ: ತಾಯಿ, ನೀನು ಇಲ್ಲ ಅನ್ನೋದು ನಿಜವಾಗಲಿ. ನಿನ್ನ ಕಾಲಿಗೆ ಬೀಳ್ತೀನಿ, ನೀನು ಇಲ್ಲದೇ ಹೋಗು.

ನಗಬೇಕಾದ ಮಾತು ಅಂತ ಗೊತ್ತು. ಅವತ್ತು ನಗು ಬರಲಿಲ್ಲ.

ಆಪರೇಷನ್ ಸುಸೂತ್ರವಾಗಿ ಆಯಿತು. ಆದರೆ ಕೆಲವು ದಿನದ ಮೇಲೆ ಡಾಕ್ಟರಮ್ಮ ನನ್ನೊಬ್ಬನನ್ನೇ ಒಳಗೆ ಕರೆದರು. ಕಂಕುಳ ಗ್ರಂಥಿಗಳಿಗೆ ಹರಡಿದೆ, ಅಲ್ಲಿಂದ ಮುಂದಕ್ಕೂ ಹೋಗಿರುವ ಹಾಗೆ ಕಾಣುತ್ತದೆ ಅಂದರು. ಔಷಧಿ ಕೊಡೋಣ, ನೋಡೋಣ ಅಂದರು. ಮೊದಲು ಬಂದಾಗಲೇ ಮಾಡಿಸಿದ್ದರೆ ಎಂದು ಶುರು ಮಾಡಿ ಮಾತು ನಿಲ್ಲಿಸಿದರು. ಆ ಮಾತಿನ ಉಳಿದರ್ಧ ನನಗೆ ಗೊತ್ತಿತ್ತು. ನಾವು ಕಾದೆವು, ಅದು ಹರಡಿತು. ದೇವರ ಮಾತು ಕೇಳಿದ್ದಕ್ಕೆ ಹೀಗಾಯಿತು.

ವಾರ್ಡಿಗೆ ಬಂದೆ. ಮಂಚದ ಮೇಲೆ ಅವಳು ಗೋಡೆಗೆ ಒರಗಿ ಕೂತಿದ್ದಳು. ನನ್ನ ಮುಖ ನೋಡಿಯೇ ಎಲ್ಲಾ ಓದಿಕೊಂಡಳು. "ಹರಡ್ಕಂಡದೆ ಅಲ್ವಾ?" ಅಂದಳು. ನಾನು ತಲೆಯಾಡಿಸಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿ, "ಬೇಡ ಅಂದಿದ್ಲು," ಅಂದಳು. "ನಾವ್ ಮೀರಿದ್ವಿ."

ಒಂದೇ ಕಾಯಿಲೆ. ಮೀರಿದ್ದಕ್ಕೆ ಹರಡಿತು ಅನ್ನುತ್ತಾಳೆ ಅವಳು. ಮೀರಲು ತಡಮಾಡಿದ್ದಕ್ಕೆ ಹರಡಿತು ಅಂತ ನನಗೆ ಗೊತ್ತು. ಬಾಯಿ ತುದಿಗೆ ಬಂದಿತ್ತು. ಹೇಳಿಬಿಡಬೇಕು, ಅವಳ ಮುಂದೆ ಆ ದೇವಿಯನ್ನು ನೆಲಕ್ಕೆ ಹಾಕಿ ತುಳಿಯಬೇಕು ಅನ್ನಿಸಿತು. ಆದರೆ ನಾನು ಹೇಳಿದರೆ ಏನಾಗುತ್ತದೆ? ಕಾದದ್ದು ಅವಳು. ಬೇಡ ಅಂದು ಕೂತದ್ದು ಅವಳು. ನನ್ನ ಮಾತು ನಿಜವಾದರೆ ತನ್ನ ಸಾವನ್ನು ತಾನೇ ತಂದುಕೊಂಡಳು ಅಂತಾಗುತ್ತದೆ. ಅವಳ ಮಾತು ನಿಜವಾದರೆ ತಪ್ಪು ನನ್ನದು, ಒಪ್ಪಂದದ ಪ್ರಕಾರ. ಅವಳ ತಲೆದಿಂಬು ಸರಿಮಾಡುತ್ತಾ ನಿಂತೆ. ಏನು ಹೇಳುವುದು ಅನ್ನುವುದು ಇಷ್ಟು ತಿಂಗಳಲ್ಲಿ ನನ್ನ ಕೈಗೆ ಬಂದ ಒಂದೇ ಒಂದು ಸ್ವಂತ ತೀರ್ಮಾನ.

"ಹೂಂ ಕಣೇ. ನಂದೇ ತಪ್ಪು," ಅಂದೆ.

ಅವಳು ನನ್ನ ಕೈ ಹಿಡಿದುಕೊಂಡು ಸಮಾಧಾನ ಹೇಳಿದಳು. "ಅಳ್ಬೇಡಿ. ತಪ್ಪುಕಾಣಿಕೆ ಹಾಕ್ಬುಡಾಣ. ಅವ್ಳೇನ್ ಅಷ್ಟ್ ಕಲ್ಲೆದೆಯೋಳಲ್ಲ." ಸಾಯುತ್ತಿರುವವಳು ನನ್ನನ್ನು ಸಂತೈಸುತ್ತಿದ್ದಳು, ನಾನು ಮಾಡದ ತಪ್ಪಿಗೆ. ಅಷ್ಟು ನೋವು ನಾನು ಎಂದೂ ಉಂಡಿಲ್ಲ.

ದೇವರ ಮಾತು ಮೀರಿದವರು ಮತ್ತೆ ಗುಡಿಗೆ ಹೋಗಿ ತಪ್ಪಾಯಿತು ಎಂದು ಒಪ್ಪಿಕೊಂಡು ಕಾಣಿಕೆ ಹಾಕುವುದು ನಮ್ಮ ಕಡೆಯ ಪದ್ಧತಿ. ಎರಡನೇ ಸುತ್ತಿನ ಔಷಧಿ ಮುಗಿದ ಮೇಲೆ ಅವಳಿಗೆ ಕೂರುವಷ್ಟು ತ್ರಾಣ ಬಂದಾಗ ಆಟೋ ಮಾಡಿಕೊಂಡು ಹೋದೆವು. ಕೂದಲು ಉದುರಿದ ತಲೆಯ ಮೇಲೆ ಅವಳು ಸೆರಗು ಹೊದ್ದಿದ್ದಳು. ಪೂಜಾರಪ್ಪ ಅವಳನ್ನು ನೋಡಿ ಎದ್ದು ಬಂದರು. "ಬಾರವ್ವ, ಕೂತ್ಕ," ಅಂದು ತಾವೇ ಚಾಪೆ ಹಾಸಿದರು. ನಾನು ದೇವಿಯ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ, "ತಪ್ಪಾಯ್ತು ತಾಯಿ," ಅಂದೆ. ಅಡ್ಡಬಿದ್ದೆ. ಎದ್ದಾಗ ಹೆಂಡತಿಯ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ನಿರಾಳ ಇತ್ತು. ಅದನ್ನು ನೋಡಿ ನನಗೆ ಸುಳ್ಳು ಹೇಳಿದೆ ಅನ್ನಿಸಲಿಲ್ಲ.

"ಕಾಣಿಕೆ ಆಯ್ತಲ್ಲ," ಅಂದರು ಪೂಜಾರಪ್ಪ. "ಈಗ ಹೊಸದಾಗಿ ಏನಾದ್ರೂ ಕೇಳಾದಿದ್ರೆ ಕೇಳ್ಬೋದು. ಅಡ್ಡೆ ಇಳ್ಸಿಲ್ಲ ಇನ್ನೂವೆ."

ಹಲಗೆಯ ಮೇಲೆ ಹೊಸ ಹಿಟ್ಟು ಹರಡಿತ್ತು, ಒಂದು ಗೆರೆಯೂ ಬಿದ್ದಿರಲಿಲ್ಲ. ಅಡ್ಡೆಯ ಕೆಳಗೆ ಅದೇ ಇಬ್ಬರು ಹೆಗಲು ಕೊಟ್ಟು ಕಾಯುತ್ತಿದ್ದರು. ಆಗ ನನಗೆ ಏನಾಯಿತೋ ನಾನು ವಿವರಿಸಲಾರೆ. ಹಿಟ್ಟಿನ ಕಥೆಯನ್ನೆಲ್ಲ ಬಿಡಿಸಿ ನೋಡಿದವನು ನಾನು. ಓದು ಬಾರದ ಹೆಗಲು, ಜಾರಿದ ಕಾಲು, ಬೇಕಾದ್ದನ್ನು ಓದುವ ಕಣ್ಣು, ಎಲ್ಲಾ ಗೊತ್ತಿದ್ದವನು. ಆದರೂ ಅವಳ ಪಕ್ಕ ಮಂಡಿಯೂರಿ ಕೂತುಬಿಟ್ಟೆ. ಇವಳು ಉಳಿಯುತ್ತಾಳಾ, ಅದೊಂದನ್ನು ಯಾರಾದರೂ ಹೇಳಲಿ. ಡಾಕ್ಟರು ಹೇಳುತ್ತಿಲ್ಲ. ಹಿಟ್ಟಾದರೂ ಹೇಳಲಿ.

"ಕೇಳಾಣ ಕಣೇ," ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ನೀನು ಹುಷಾರಾಗ್ತೀಯಾ ಅಂತ ಒಂದ್ ಮಾತು ಕೇಳ್ಬುಡಾಣ. ನಿಂಗೆ ಕೈ ಮುಗೀತೀನಿ."

ಅವಳು ನನ್ನ ಕಡೆ ತಿರುಗಿದಳು. ದೇವಿಯನ್ನು ನಂಬಿದವಳು, ತವರಿನಿಂದ ಅವಳನ್ನೇ ಕಟ್ಟಿಕೊಂಡು ಬಂದವಳು, ಹಿಟ್ಟಿನ ಹಲಗೆಯನ್ನು ಬಲಗೈಯಿಂದ ಮೆಲ್ಲಗೆ ಆಚೆಗೆ ಸರಿಸಿದಳು.

"ಬ್ಯಾಡ ಬನ್ನಿ," ಅಂದಳು. "ಇಲ್ಲ ಅಂತ ಬರ್ದುಬುಟ್ರೆ ಏನ್ ಮಾಡ್ತೀರಾ?"